ನೋವೆಂಬ ಕಾವಲುಗಾರ

ಬೆಳಗಾವಿಯ ಕೋಟೆಯನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸುತ್ತಲೂ ಕಂದಕ, ಕಂದಕದ ಒಳಗೆ ದಪ್ಪನೆಯ ಗೋಡೆ, ಬಾಗಿಲ ಬಳಿ ದುರ್ಗಾದೇವಿಯ ಗುಡಿ, ಒಳಗೆ ನಡೆದರೆ ರಟ್ಟರ ಕಾಲದ ಕಮಲಬಸದಿ. ಈ ಕೋಟೆಯನ್ನು ಆಳಿದವರು ಎಷ್ಟೋ ಮಂದಿ. ಆದರೆ ಕಂದಕ ಎಷ್ಟೇ ಆಳವಿರಲಿ, ಗೋಡೆ ಎಷ್ಟೇ ಎತ್ತರವಿರಲಿ, ರಾತ್ರಿಯ ಹೊತ್ತು ಬುರುಜಿನ ಮೇಲೆ ಕಣ್ಣು ಬಿಟ್ಟುಕೊಂಡು ನಿಲ್ಲುವ ಒಬ್ಬ ಕಾವಲುಗಾರ ಇಲ್ಲದಿದ್ದರೆ ಯಾವ ಕೋಟೆಯೂ ಉಳಿಯದು. ಈ ಕಾವಲುಗಾರ ಯಾರಿಗೂ ಅಷ್ಟು ಪ್ರಿಯನಾದವನಲ್ಲ. ಸುಖನಿದ್ದೆಯಲ್ಲಿರುವಾಗ ಕೂಗಿ ಎಬ್ಬಿಸುವವನು ಯಾರಿಗೆ ಬೇಕು? ಆದರೂ ಅವನ ಕೂಗಿನಿಂದಲೇ ಒಳಗಿನವರು ಬದುಕುತ್ತಾರೆ.

ನಮ್ಮ ದೇಹವೆಂಬ ಕೋಟೆಗೂ ಇಂಥ ಒಬ್ಬ ಕಾವಲುಗಾರನಿದ್ದಾನೆ. ಅವನನ್ನು ನಾವು ನೋವು ಎಂದು ಕರೆಯುತ್ತೇವೆ. ತಲೆನೋವು, ಹಲ್ಲುನೋವು, ಸೊಂಟನೋವು ಎಂದು ದಿನವೂ ಗೊಣಗುವ ನಾವು, ಈ ನೋವೆಂಬುದೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಮ್ಮೆಯಾದರೂ ಹಲುಬಿರುತ್ತೇವೆ. ಹಾಗೆ ಹಲುಬಿದ್ದು ನಿಜವಾಗಿಯೇ ಕೈಗೂಡಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಊಹೆಯಿಂದ ಹೇಳಬೇಕಾಗಿಲ್ಲ. ಹುಟ್ಟಿದಂದಿನಿಂದ ಒಂದು ದಿನವೂ ನೋವನ್ನು ಅನುಭವಿಸದ ಜನ ಈ ಲೋಕದಲ್ಲಿ ಇದ್ದಾರೆ. ಅವರ ಸಂಖ್ಯೆ ಬಹಳ ಕಡಿಮೆ. ಎಷ್ಟೋ ವೈದ್ಯರು ತಮ್ಮ ಜೀವಮಾನದಲ್ಲಿ ಅಂಥ ಒಬ್ಬರನ್ನೂ ಕಾಣುವುದಿಲ್ಲ. ಆದರೆ ಆ ಕೆಲವರ ಬದುಕು ನಮಗೆಲ್ಲ ಒಂದು ದೊಡ್ಡ ಪಾಠವನ್ನು ಹೇಳುತ್ತದೆ.

ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗನಿದ್ದ. ಹತ್ತು ವರ್ಷದ ಪ್ರಾಯ. ಬೀದಿಯಲ್ಲಿ ನಿಂತು ಜನರೆದುರಿಗೆ ತನ್ನ ತೋಳಿಗೆ ಚೂರಿ ತೂರಿಸಿಕೊಳ್ಳುತ್ತಿದ್ದ. ಉರಿಯುವ ಕೆಂಡದ ಮೇಲೆ ನಡೆಯುತ್ತಿದ್ದ. ಆಟ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ. ನಮ್ಮ ರಾಮದುರ್ಗ ತಾಲೂಕಿನ ಗೊಡಚಿಯ ಜಾತ್ರೆಯನ್ನು ನೋಡಿದವರಿಗೆ ಪುರವಂತರು ಶಸ್ತ್ರ ಹಾಕಿಕೊಳ್ಳುವ ಸಂಗತಿ ಹೊಸದಲ್ಲ. ಆದರೆ ಇವೆರಡಕ್ಕೂ ಬಹಳ ಅಂತರವುಂಟು. ಪುರವಂತನಿಗೆ ನೋವಿದೆ, ವೀರಭದ್ರನ ಮೇಲಿನ ಭಕ್ತಿಯಿಂದಲೂ ಅಭ್ಯಾಸದಿಂದಲೂ ಅವನು ಅದನ್ನು ಸಹಿಸುತ್ತಾನೆ. ಆ ಹುಡುಗನಿಗೆ ಸಹಿಸುವುದಕ್ಕೆ ಏನೂ ಇರಲಿಲ್ಲ. ಕೇಂಬ್ರಿಜ್ಜಿನ ವೈದ್ಯ ಜೆಫ್ರಿ ವುಡ್ಸ್ ಮತ್ತು ಅವರ ಸಂಗಡಿಗರು ಅವನ ವಿಷಯವನ್ನು ಕೇಳಿ ಪರೀಕ್ಷಿಸಬೇಕೆಂದಿದ್ದರು. ಅಷ್ಟರಲ್ಲಿ ಅವನು ಮನೆಯ ಮಾಳಿಗೆಯಿಂದ ಕೆಳಕ್ಕೆ ಹಾರಿದ. ಹದಿನಾಲ್ಕು ತುಂಬುವ ಹೊತ್ತಿಗೆ ತೀರಿಕೊಂಡ. ಎತ್ತರದಿಂದ ಹಾರಿದರೆ ಕಾಲು ನೋಯುತ್ತದೆ ಎಂದು ನಮ್ಮ ಮೂರು ವರ್ಷದ ಕೂಸಿಗೆ ಗೊತ್ತು. ಅವನಿಗೆ ಅದು ಹದಿನಾಲ್ಕರಲ್ಲೂ ಗೊತ್ತಿರಲಿಲ್ಲ.

ಅದೇ ಭಾಗದ ಮೂರು ಕುಟುಂಬಗಳಲ್ಲಿ ಇಂಥ ಇನ್ನೂ ಆರು ಮಕ್ಕಳು ಸಿಕ್ಕಿದರು. ನಾಲ್ಕರಿಂದ ಹದಿನಾಲ್ಕು ವರ್ಷದವರು. ಆರೂ ಮಕ್ಕಳ ತುಟಿ ಅಥವಾ ನಾಲಗೆಗೆ ಗಾಯವಾಗಿತ್ತು. ಹಲ್ಲು ಬರುವ ಕಾಲದಲ್ಲಿ ತಾವೇ ಕಚ್ಚಿಕೊಂಡು ಆದ ಗಾಯಗಳವು. ಮೂಳೆ ಮುರಿದದ್ದೂ ಉಂಟು. ಮುರಿದುದು ತಿಳಿಯದೆ ಅದರ ಮೇಲೆಯೇ ನಡೆದದ್ದೂ ಉಂಟು. ಆದರೆ ಪರೀಕ್ಷೆ ಮಾಡಿದಾಗ ಒಂದು ವಿಚಿತ್ರ ಹೊರಬಿತ್ತು. ಈ ಮಕ್ಕಳಿಗೆ ಸ್ಪರ್ಶಜ್ಞಾನ ಇತ್ತು. ಮುಟ್ಟಿದರೆ ತಿಳಿಯುತ್ತಿತ್ತು, ಕಚಗುಳಿಯಿಟ್ಟರೆ ನಗುತ್ತಿದ್ದರು, ಬಿಸಿ ಯಾವುದು ತಣ್ಣಗಿನದು ಯಾವುದು ಎಂದು ಹೇಳುತ್ತಿದ್ದರು. ಬುದ್ಧಿಯಲ್ಲಿಯೂ ಯಾವ ಕೊರತೆಯಿರಲಿಲ್ಲ. ಇಂಥ ಮಗುವನ್ನು ನಮ್ಮ ಖಾನಾಪುರದ ಕುಂಬಾರನ ತಿಗರಿಯ ಮುಂದೆ ಕೂಡಿಸಿದರೆ ಹಸಿಮಣ್ಣಿನ ನುಣುಪನ್ನು ಅದು ನಮ್ಮಂತೆಯೇ ಬೆರಳಿನಿಂದ ಅರಿತೀತು. ಆವಿಗೆಯಿಂದ ಆಗ ತಾನೇ ತೆಗೆದ ಗಡಿಗೆಯನ್ನು ಹಿಡಿದರೂ ಬಿಸಿಯೆಂದು ಹೇಳೀತು, ಆದರೆ ಕೈಬಿಡುವುದಿಲ್ಲ. ಬಿಸಿ ಎಂಬುದು ಸುದ್ದಿಯಾಗಿ ಬಂತೇ ಹೊರತು ಎಚ್ಚರಿಕೆಯಾಗಿ ಬರಲಿಲ್ಲ.

ಇದು ಹೇಗೆ ಸಾಧ್ಯ? ಹೊಸ್ತಿಲಿಗೆ ಕಾಲಿನ ಬೆರಳು ಎಡವಿದ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಿ. ಮೊದಲು ತಾಗಿದ್ದು ತಿಳಿಯುತ್ತದೆ. ಕೂಡಲೇ ಚುರುಕ್ಕೆಂದು ಒಂದು ನೋವು. ಅಪ್ಪಾ ಎಂದು ಕಾಲು ಹಿಡಿದುಕೊಂಡು ಕೂಡುವಷ್ಟರಲ್ಲಿ ಇನ್ನೊಂದು ನೋವು, ಮಂದವಾದದ್ದು, ಉರಿಯುವಂಥದು, ನಿಧಾನವಾಗಿ ಏರುತ್ತದೆ. ಸ್ಪರ್ಶಕ್ಕೆ ಒಂದು ತಂತಿ, ನೋವಿಗೆ ಬೇರೆ ಎರಡು ಬಗೆಯ ತಂತಿಗಳು ನಮ್ಮ ನರಗಳಲ್ಲಿ ಇರುವುದೇ ಇದಕ್ಕೆ ಕಾರಣ. ಸ್ಪರ್ಶದ ತಂತಿಗಳು ದಪ್ಪ. ಅವುಗಳಲ್ಲಿ ಸುದ್ದಿ ಒಂದು ಸೆಕೆಂಡಿಗೆ 30 ಮೀಟರಿಗಿಂತ ಹೆಚ್ಚು ವೇಗದಿಂದ ಓಡುತ್ತದೆ. ಚುರುಕ್ಕೆನ್ನುವ ನೋವಿನ ತಂತಿಗಳು ಅದಕ್ಕಿಂತ ಸಣ್ಣವು, ನಿಧಾನದವು. ಉರಿಯುವ ನೋವಿನ ತಂತಿಗಳಂತೂ ಅತಿ ಸೂಕ್ಷ್ಮ. ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು, ಎಂದರೆ ನಾವು ಸಾವಕಾಶವಾಗಿ ನಡೆಯುವ ವೇಗ. ಕಾಲ್ಬೆರಳಿನಿಂದ ಮಿದುಳಿನವರೆಗೆ ಈ ಸುದ್ದಿ ನಡೆದು ಬರುವಷ್ಟರಲ್ಲಿ ಸೆಕೆಂಡಿನ ಮೇಲಾಗಿರುತ್ತದೆ.

ಈ ತಂತಿಗಳಲ್ಲಿ ಓಡುವುದು ಒಂದು ಬಗೆಯ ವಿದ್ಯುತ್ತು. ಅದು ಹುಟ್ಟುವುದು ನಾವು ದಿನವೂ ಉಣ್ಣುವ ಉಪ್ಪಿನಲ್ಲಿರುವ ಸೋಡಿಯಂನಿಂದ. ನರದ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಪೆಟ್ಟು ಬಿದ್ದಾಗ ಅವು ತೆರೆಯುತ್ತವೆ. ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಒಂದು ಬಾಗಿಲು ತೆರೆದದ್ದು ಮುಂದಿನದನ್ನು ತೆರೆಯಿಸುತ್ತದೆ. ಹೀಗೆ ಸುದ್ದಿ ಸಾಗುತ್ತದೆ. ನೋವಿನ ತಂತಿಗಳಲ್ಲಿ ವಿಶೇಷವಾಗಿ ಬೇಕಾದ ಒಂದು ಬಗೆಯ ಬಾಗಿಲು ಈ ಮಕ್ಕಳಲ್ಲಿ ಕೆಲಸಮಾಡುತ್ತಿರಲಿಲ್ಲ. ಅದನ್ನು ಕಟ್ಟಲು ಬೇಕಾದ ಆಜ್ಞೆಯನ್ನು ಬರೆದಿಟ್ಟಿರುವ ಜೀನು ಎರಡನೆಯ ವರ್ಣತಂತುವಿನ ಮೇಲಿದೆ. ವಿಜ್ಞಾನಿಗಳು ಅದನ್ನು ಎಸ್.ಸಿ.ಎನ್. 9 ಎ ಎಂದು ಕರೆಯುತ್ತಾರೆ. ವುಡ್ಸ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಬಾಗಿಲು ವಾಸನೆಯ ನರಗಳಿಗೂ ಬೇಕು ಎಂದು 2011ರಲ್ಲಿ ತಿಳಿದುಬಂತು. ಈ ದೋಷವುಳ್ಳವರಿಗೆ ಮಲ್ಲಿಗೆಯ ಕಂಪೂ ಇಲ್ಲ, ಒಲೆಯ ಮೇಲೆ ಹಾಲು ಸೀದ ಕಮಟೂ ಇಲ್ಲ. ಮೂಗಿನ ಕಾವಲೂ ತಪ್ಪಿತು.

ನೋವು ತಿಳಿಯದಿರುವುದಕ್ಕೆ ಇದೊಂದೇ ಕಾರಣವಲ್ಲ. ಇನ್ನೊಂದು ಬಗೆಯಲ್ಲಿ ನೋವಿನ ನರಗಳು ಬೆಳೆಯುವುದೇ ಇಲ್ಲ. ನರಗಳ ಬೆಳವಣಿಗೆಗೆ ದೇಹದಲ್ಲಿ ಒಂದು ಪೋಷಕದ್ರವ್ಯ ಬೇಕೆಂಬುದನ್ನು ಇಟಲಿಯ ರೀಟಾ ಲೇವಿ ಮೊಂಟಾಲ್ಚೀನಿ ಎಂಬ ವಿದುಷಿ ಕಂಡುಹಿಡಿದು, ಸ್ಟ್ಯಾನ್ಲಿ ಕೋಹೆನ್ ಅವರೊಡನೆ 1986ರ ನೊಬೆಲ್ ಬಹುಮಾನ ಪಡೆದರು. ಆ ದ್ರವ್ಯವನ್ನು ಬರಮಾಡಿಕೊಳ್ಳುವ ಏರ್ಪಾಡು ಕೆಟ್ಟರೆ ನೋವಿನ ನರಗಳೂ ಇಲ್ಲ, ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳೂ ಇಲ್ಲ ಎಂದು 1996ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟರು. ಇಂಥ ಕೂಸು ಬೆವರುವುದಿಲ್ಲ. ಬೇಸಗೆಯಲ್ಲಿ ಮೈ ಕೆಂಡದಂತೆ ಸುಡುತ್ತದೆ. ಕಾರಣ ತಿಳಿಯದ ಜ್ವರ ಮತ್ತೆ ಮತ್ತೆ ಬರುತ್ತದೆ, ಅದರಲ್ಲಿಯೇ ಪ್ರಾಣ ಹೋಗುವುದೂ ಉಂಟು. ಮೈಮೇಲೆ ಒದ್ದೆ ಬಟ್ಟೆ ಹಾಕುತ್ತ ತಂಪಾದ ಕೋಣೆಯಲ್ಲಿ ಇಟ್ಟುಕೊಂಡು ಕಾಯಬೇಕು.

ಈ ದೋಷಗಳು ಹುಟ್ಟುವ ಬಗೆ ನಮ್ಮ ಕಡೆಯವರು ತಿಳಿದುಕೊಳ್ಳಬೇಕಾದದ್ದು. ಪ್ರತಿಯೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ. ತಂದೆಯಿಂದ ಬಂದದ್ದೊಂದು, ತಾಯಿಯಿಂದ ಬಂದದ್ದೊಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕೆಲಸ ನಡೆದುಹೋಗುತ್ತದೆ. ಕೆಟ್ಟದ್ದು ಇದೆಯೆಂಬುದು ಆ ಮನುಷ್ಯನಿಗೇ ಗೊತ್ತಾಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಮಾತ್ರ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕೆಟ್ಟ ಪ್ರತಿಗಳು ಬರುವ ಸಂಭವವಿದೆ. ಹೊರಗಿನವರಲ್ಲಿ ಲಗ್ನವಾದರೆ ಒಂದೇ ಬಗೆಯ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವುದು ಅಪರೂಪ. ಅತ್ತೆಯ ಮಗನಿಗೂ ಮಾವನ ಮಗಳಿಗೂ ಅಜ್ಜ ಅಜ್ಜಿಯರು ಒಬ್ಬರೇ. ಎಂಟರಲ್ಲಿ ಒಂದು ಪಾಲು ಜೀನುಗಳು ಇಬ್ಬರಲ್ಲಿಯೂ ಅವೇ. ಸೋದರಮಾವನಿಗೂ ಅಕ್ಕನ ಮಗಳಿಗೂ ನಾಲ್ಕರಲ್ಲಿ ಒಂದು ಪಾಲು. ಪಾಕಿಸ್ತಾನದ ಆ ಮೂರು ಕುಟುಂಬಗಳಲ್ಲಿಯೂ ರಕ್ತಸಂಬಂಧದ ಲಗ್ನಗಳಾಗಿದ್ದವು.

ಸೋದರಿಕೆಯ ಸಂಬಂಧ ನಮ್ಮಲ್ಲಿ ಬಹು ಹಿಂದಿನಿಂದ ನಡೆದುಬಂದದ್ದು. ಮನೆಯ ಹೆಣ್ಣು ಮನೆಯಲ್ಲಿಯೇ ಉಳಿಯಲಿ ಎಂಬ ಪ್ರೀತಿ ಅದರ ಹಿಂದಿದೆ. ಅಂಥ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ. ಆದರೆ ಮನೆತನದಲ್ಲಿ ಒಂದು ಮಗುವಿಗೆ ಇಂಥ ದೋಷ ಕಂಡಿದ್ದರೆ, ಮುಂದಿನ ಸಂಬಂಧ ಕೂಡಿಸುವ ಮೊದಲು ಜಾತಕದೊಡನೆ ವೈದ್ಯರ ಮಾತನ್ನೂ ಕೇಳುವುದು ವಿವೇಕ. ಇದರಲ್ಲಿ ಸೊಸೆಯ ಕಾಲ್ಗುಣವನ್ನು ಹಳಿಯುವುದಕ್ಕೆ ಎಡೆಯೇ ಇಲ್ಲ. ಕೆಟ್ಟ ಪ್ರತಿ ತಾಯಿಯಿಂದ ಎಷ್ಟು ಬಂತೋ ತಂದೆಯಿಂದಲೂ ಅಷ್ಟೇ ಬಂದಿರುತ್ತದೆ.

ಇಂಥ ಒಂದು ಮಗು ಮನೆಯಲ್ಲಿ ಹುಟ್ಟಿತೆಂದು ಇಟ್ಟುಕೊಳ್ಳಿ. ಮೊದಮೊದಲು ಎಲ್ಲರಿಗೂ ಸಂತೋಷವೇ. ಚುಚ್ಚುಮದ್ದು ಹಾಕಿದರೂ ಅಳದು. ಎಷ್ಟು ಶಾಂತ ಕೂಸು ಎಂದು ಓಣಿಯವರೆಲ್ಲ ಹೊಗಳುತ್ತಾರೆ. ಹಲ್ಲು ಮೂಡಿದ ಮೇಲೆ ಒಂದು ದಿನ ಬಾಯಿ ತುಂಬ ರಕ್ತ. ನೋಡಿದರೆ ನಾಲಗೆಯ ತುದಿ ಕಚ್ಚಿಹೋಗಿದೆ, ಕೂಸು ನಗುತ್ತಿದೆ. ಆಗ ತಾಯಿಗೆ ಎದೆ ಒಡೆಯುತ್ತದೆ. ಮೈಮೇಲಿನ ಗಾಯಗಳನ್ನು ಕಂಡ ನೆರೆಯವರು, ಕೆಲವೊಮ್ಮೆ ವೈದ್ಯರು ಕೂಡ, ತಂದೆತಾಯಿಗಳೇ ಹೊಡೆದಿರಬೇಕೆಂದು ಶಂಕಿಸುವುದುಂಟು. ಅಂದಿನಿಂದ ನೋವು ಮಾಡಬೇಕಾದ ಕೆಲಸವನ್ನೆಲ್ಲ ತಾಯಿಯೇ ಮಾಡಬೇಕು. ದಿನವೂ ಮೀಯಿಸುವಾಗ ಬಾಯೊಳಗೆ ನೋಡಬೇಕು, ಕಣ್ಣು ಕೆಂಪಾಗಿದೆಯೇ ನೋಡಬೇಕು, ಬೆರಳಿನ ಸಂದು, ಅಂಗಾಲು, ಒಂದೊಂದು ಕೀಲನ್ನೂ ಮುಟ್ಟಿ ಬಾವು ಬಿಸಿ ಇದೆಯೇ ನೋಡಬೇಕು. ನಾವು ಕುಳಿತಲ್ಲಿಯೇ ಹತ್ತು ಸಲ ಮಗ್ಗಲು ಬದಲಾಯಿಸುತ್ತೇವೆ. ಕೀಲಿನ ಸಣ್ಣ ನೋವೇ ಅದನ್ನು ಮಾಡಿಸುತ್ತದೆ. ಈ ಮಗು ಹೇಗೆ ಕುಳಿತರೆ ಹಾಗೆಯೇ. ಆದುದರಿಂದ ಅದರ ಮಂಡಿ, ಕಣಕಾಲುಗಳು ಎಳವೆಯಲ್ಲಿಯೇ ಸವೆದು ಕೆಡುತ್ತವೆ. ಕಣ್ಣಿನಲ್ಲಿ ಕಸ ಬಿದ್ದರೆ ತಿಕ್ಕಿ ತಿಕ್ಕಿ ಕರಿಗುಡ್ಡೆಯನ್ನೇ ಗಾಯಮಾಡಿಕೊಳ್ಳಬಹುದು. ಹೊಟ್ಟೆಯೊಳಗಿನ ಬೇನೆ ಕೂಡ ಅದಕ್ಕೆ ಸುಳಿವು ಕೊಡುವುದಿಲ್ಲ.

ಮಗು ದೊಡ್ಡದಾದಂತೆ ಅದಕ್ಕೆ ಪಾಠ ಹೇಳಬೇಕು. ಕೆಂಪು ಕಂಡರೆ ಬಂದು ಅವ್ವನಿಗೆ ಹೇಳು, ಕುಂಟುತ್ತಿದ್ದರೆ ಹೇಳು, ಬಿದ್ದರೆ ಹೇಳು ಎಂದು. ನಮಗೆ ಒಂದೇ ಸಲ ಒಲೆ ಮುಟ್ಟಿ ಬಂದ ಬುದ್ಧಿ ಅದಕ್ಕೆ ಸಾವಿರ ಸಲ ಹೇಳಿ ಬರಬೇಕು. ಹಾಗೆ ಎಚ್ಚರಿಕೆಯಿಂದ ಬೆಳೆಸಿದ ಎಷ್ಟೋ ಮಕ್ಕಳು ಶಾಲೆ ಕಲಿತು, ಕೆಲಸಕ್ಕೆ ಸೇರಿ, ಸಂಸಾರ ಹೂಡಿದ್ದಾರೆ. ಈ ದೋಷವನ್ನು ಗುಣಪಡಿಸುವ ಔಷಧಿ ಇಲ್ಲ. ಕಾಯುವ ಕಣ್ಣುಗಳೇ ಔಷಧಿ.

ಈ ವಿರಳವಾದ ದೋಷ ನಮ್ಮ ಮನೆಗೇಕೆ ಎಂದು ನೀವು ಕೇಳಬಹುದು. ಹುಟ್ಟಿನಿಂದ ಬಂದ ಜಡತೆ ವಿರಳ. ನಡುವೆ ಬಂದು ಸೇರುವ ಜಡತೆ ವಿರಳವಲ್ಲ. ಬೆಳಗಾವಿಯ ಹಿರಿಯರಿಗೆ ಹಿಂಡಲಗಾದ ಕುಷ್ಠರೋಗದ ಆಸ್ಪತ್ರೆಯ ಹೆಸರು ಪರಿಚಿತವಾದದ್ದೇ. ಕುಷ್ಠರೋಗದಿಂದ ಬೆರಳುಗಳು ಕೊಳೆತು ಉದುರುತ್ತವೆ ಎಂದು ಶತಮಾನಗಳ ಕಾಲ ಜನ ನಂಬಿದ್ದರು, ವೈದ್ಯರೂ ನಂಬಿದ್ದರು. ಆ ನಂಬಿಕೆಯನ್ನು ಅಲ್ಲಾಡಿಸಿದವರು ಡಾಕ್ಟರ್ ಪಾಲ್ ಬ್ರ್ಯಾಂಡ್. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ರೋಗಿಗಳ ಕೈಗಳನ್ನು ಪರೀಕ್ಷಿಸುತ್ತ ಹೋದಂತೆ ಅವರಿಗೆ ಕಂಡದ್ದು ಇಷ್ಟೆ: ಆ ಮಾಂಸ ಒಳ್ಳೆಯ ಮಾಂಸವೇ, ಗಾಯವಾದರೆ ಎಲ್ಲರ ಗಾಯದಂತೆಯೇ ಮಾಯುತ್ತದೆ. ರೋಗಾಣು ಕೆಡಿಸಿದ್ದು ನರವನ್ನು. ನೋವು ಹೋಯಿತು, ನೋವು ಹೋದ ಮೇಲೆ ಉಳಿದ ಹಾನಿಯನ್ನು ರೋಗಿಯೇ ತಿಳಿಯದೆ ಮಾಡಿಕೊಂಡ.

ತುಕ್ಕು ಹಿಡಿದ ಬೀಗವನ್ನು ಯಾರೂ ತೆರೆಯಲಾರದೆ ಇದ್ದಾಗ ಒಬ್ಬ ಹುಡುಗ ಬಂದು ಬೀಗದಕೈಯನ್ನು ತಿರುವಿಬಿಟ್ಟ. ನೋಡಿದರೆ ಬೆರಳಿನ ಮಾಂಸ ಮೂಳೆಯವರೆಗೆ ಸೀಳಿತ್ತು. ರಾತ್ರಿ ಮಲಗಿದವರ ಬೆರಳು ಬೆಳಗಾಗುವಷ್ಟರಲ್ಲಿ ಕಡಮೆಯಾಗಿರುವುದನ್ನು ಕಂಡು ಕಾದು ನೋಡಿದಾಗ, ಇಲಿ ಬಂದು ಕಡಿಯುತ್ತಿದ್ದುದು ತಿಳಿಯಿತು. ಆಮೇಲೆ ಊರಿಗೆ ಮರಳುವ ರೋಗಿಗಳಿಗೆ ಒಂದೊಂದು ಬೆಕ್ಕನ್ನು ಕೊಟ್ಟು ಕಳಿಸಿದರಂತೆ. ಇವೆಲ್ಲ ಬ್ರ್ಯಾಂಡ್ ತಾವೇ ಬರೆದ ಸಂಗತಿಗಳು.

ಮುಂದೆ ಅಮೆರಿಕೆಗೆ ಹೋದಾಗ ಬ್ರ್ಯಾಂಡ್ ಒಂದು ಸಾಹಸ ಮಾಡಿದರು. ನೋವು ಕಳೆದುಕೊಂಡವರಿಗೆ ಯಂತ್ರದಿಂದ ನೋವನ್ನು ಕೊಡಬಹುದೇ ಎಂದು ನೋಡಿದರು. ಕೈಗವಸಿನಲ್ಲಿ ಒತ್ತಡ ಅಳೆಯುವ ಸಣ್ಣ ಸಾಧನಗಳನ್ನು ಇಟ್ಟು, ಒತ್ತಡ ಮಿತಿಮೀರಿದರೆ ಕಿವಿಯಲ್ಲಿ ಸದ್ದಾಗುವಂತೆ ಮಾಡಿದರು. ಸದ್ದನ್ನು ರೋಗಿಗಳು ಲಕ್ಷಿಸಲಿಲ್ಲ. ಆಮೇಲೆ ನರ ಜೀವಂತವಿದ್ದ ಕಂಕುಳಿಗೆ ವಿದ್ಯುತ್ತಿನ ಚುರುಕು ಮುಟ್ಟಿಸಿದರು. ಆದರೆ ಹಿಡಿದ ಕೆಲಸ ಮುಗಿಸಲೇಬೇಕೆಂದಾಗ ರೋಗಿ ಗುಂಡಿ ಒತ್ತಿ ಯಂತ್ರವನ್ನೇ ನಿಲ್ಲಿಸುತ್ತಿದ್ದ; ಕೆಲಸ ಮುಗಿದ ಮೇಲೆ ಮತ್ತೆ ಹಚ್ಚುತ್ತಿದ್ದ. ವರ್ಷಗಟ್ಟಲೆ ದುಡಿದು, ಬಹಳ ಹಣ ವೆಚ್ಚ ಮಾಡಿ, ಕೊನೆಗೆ ಬ್ರ್ಯಾಂಡ್ ಆ ಪ್ರಯತ್ನವನ್ನು ಕೈಬಿಟ್ಟರು. ನಮ್ಮ ಮಾತು ಕೇಳಿ ಬಾಯಿ ಮುಚ್ಚುವ ಕಾವಲುಗಾರ ಕಾವಲುಗಾರನಾಗಲಾರ. ನೋವು ನಮ್ಮ ಕೈಮೀರಿದ್ದರಿಂದಲೇ ನಮ್ಮನ್ನು ಕಾಯುತ್ತದೆ.

ಕುಷ್ಠರೋಗಕ್ಕೆ ಇಂದು ಒಳ್ಳೆಯ ಔಷಧಿಗಳಿವೆ. ಆರು ತಿಂಗಳು ಅಥವಾ ಹನ್ನೆರಡು ತಿಂಗಳು ತೆಗೆದುಕೊಂಡರೆ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ. ನೋವಿಲ್ಲದಿರುವುದೇ ಅಲ್ಲಿ ರೋಗದ ಗುರುತು. ಬೇಗ ತೋರಿಸಿದವರ ನರ ಉಳಿಯುತ್ತದೆ. ತಡಮಾಡಿದವರ ರೋಗ ಗುಣವಾದರೂ ಸತ್ತ ನರ ಮರಳಿ ಬಾರದು.

ಇನ್ನು ಸಕ್ಕರೆ ಕಾಯಿಲೆ. ಇದು ಈಗ ಯಾವ ಓಣಿಯಲ್ಲಿ ಇಲ್ಲ? ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ 2023ರಲ್ಲಿ ತಿಳಿಸಿತು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ಉದ್ದನೆಯ ನರಗಳು ಮೊದಲು ಕೆಡುತ್ತವೆ. ಎಂದರೆ ಪಾದಗಳ ನರಗಳು. ಮೊದಲು ಜುಮುಜುಮು, ಉರಿ. ಆಮೇಲೆ ಎಲ್ಲ ಶಾಂತ. ಕಾಲುರಿ ಹೋಯಿತು, ಗುಣವಾಯಿತು ಎಂದು ಯಜಮಾನರು ಸಂತೋಷಪಡುತ್ತಾರೆ. ಗುಣವಾಗಲಿಲ್ಲ, ಕಾವಲುಗಾರ ಸತ್ತ. ಚಪ್ಪಲಿಯ ಮೊಳೆ ಅಂಗಾಲಿಗೆ ಚುಚ್ಚಿರುತ್ತದೆ. ದಿನವೆಲ್ಲ ತಿರುಗಾಡಿ ಬಂದು ಸಂಜೆ ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗ ಮನೆಯವರಿಗೆ ಗೊತ್ತಾಗುತ್ತದೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಬರಿಗಾಲಿನಿಂದ ಗದ್ದೆಗೆ ಇಳಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಗಾಯ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿದು, ಕಾಲು ಕತ್ತರಿಸುವವರೆಗೂ ಹೋದದ್ದುಂಟು.

ಆದುದರಿಂದ ಸಕ್ಕರೆ ಕಾಯಿಲೆಯವರು ಆ ನೋವರಿಯದ ಮಗುವಿನ ತಾಯಿಯಂತೆ ತಮ್ಮ ಪಾದಗಳನ್ನು ತಾವೇ ಕಾಯಬೇಕು. ದಿನಕ್ಕೊಮ್ಮೆ, ಊಟದ ಹೊತ್ತು ತಪ್ಪದಂತೆಯೇ ತಪ್ಪದೆ, ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲಾರದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಕಣ್ಣು ಮಂದವಾದವರು ಮೊಮ್ಮಕ್ಕಳನ್ನು ಕರೆಯಿರಿ. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈಯಿಂದ ಮುಟ್ಟಿನೋಡಿ, ಇಲ್ಲವೆ ಮನೆಯವರಿಂದ ನೋಡಿಸಿ. ಕಾಲಿಗೆ ಬಿಸಿನೀರಿನ ಚೀಲ, ಒಲೆಯ ಕಾವು ಬೇಡ. ಚಪ್ಪಲಿ, ಬೂಟುಗಳನ್ನು ಹಾಕಿಕೊಳ್ಳುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ. ಮನೆಯೊಳಗೂ ಬರಿಗಾಲು ಬೇಡ. ಆಣಿ, ಗಂಟುಗಳನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ. ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ಪಾದವನ್ನು ತೋರಿಸಿ. ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂಬುದನ್ನು ಅವರು ಕ್ಷಣದಲ್ಲಿ ಹೇಳುತ್ತಾರೆ.

ಹಾಗೆಂದು ನೋವೆಲ್ಲ ಒಳ್ಳೆಯದೇ, ಸುಮ್ಮನೆ ಅನುಭವಿಸಿ ಎಂದು ನಾನು ಹೇಳುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟು. ನೋವಿಲ್ಲದ ಮಕ್ಕಳಲ್ಲಿ ತೆರೆಯದ ಆ ಬಾಗಿಲೇ, ಬೇರೆ ಕೆಲವು ಮನೆತನಗಳಲ್ಲಿ ಅಕಾರಣವಾಗಿ ತೆರೆದುಕೊಳ್ಳುತ್ತದೆ ಎಂದು 2004ರಲ್ಲಿ ಚೀನಾದ ಸಂಶೋಧಕರು ಕಂಡರು. ಆ ಮನೆತನದವರ ಕೈಕಾಲುಗಳು ಕೆಂಪೇರಿ ಬೆಂಕಿಯಂತೆ ಉರಿಯುತ್ತವೆ; ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ರಾತ್ರಿ ಕಳೆಯುತ್ತಾರೆ. ಅರ್ಬುದ ರೋಗಿಯ ನೋವೂ, ಶಸ್ತ್ರಕ್ರಿಯೆಯ ನಂತರದ ನೋವೂ ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೂ ಕೂಗುತ್ತಲೇ ಇರುವ ಕಾವಲುಗಾರರು. ಅವರನ್ನು ಸುಮ್ಮನಾಗಿಸುವುದು ವೈದ್ಯನ ಧರ್ಮ. ಅಫೀಮಿನ ಜಾತಿಯ ಮದ್ದುಗಳು ಚಟ ಹತ್ತಿಸುವ ಭಯವಿರುವುದರಿಂದ, ನೋವಿನ ನರದ ಬಾಗಿಲನ್ನಷ್ಟೇ ಮುಚ್ಚುವ ಔಷಧಿಗಾಗಿ ವಿಜ್ಞಾನಿಗಳು ಬಹಳ ವರ್ಷ ಹುಡುಕಿದರು. ಈ ಬಾಗಿಲಿನ ತಂಗಿಯಂತಿರುವ ಇನ್ನೊಂದು ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಗುಳಿಗೆಗೆ ಅಮೆರಿಕದ ಸರಕಾರ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವರು ನೋವಿಲ್ಲದೆ ಪಟ್ಟ ಪಾಡಿನಿಂದ ಕಲಿತ ವಿದ್ಯೆ, ನೋವು ತಾಳಲಾರದ ಅನೇಕರಿಗೆ ಹೀಗೆ ಉಪಕಾರಕ್ಕೆ ಬರುತ್ತಿದೆ.

ನೋವು ಬಂದಾಗ ಅದರ ಮಾತನ್ನು ಕೇಳಿ, ಆಮೇಲೆ ಮದ್ದು ಹುಡುಕಿ. ಮೂರು ದಿನವಾದರೂ ಹೋಗದ ನೋವನ್ನು ಗುಳಿಗೆ ನುಂಗಿ ನುಂಗಿ ಮುಚ್ಚಿಡಬೇಡಿ. ನೋವು ಬರಬೇಕಾದಲ್ಲಿ ಬಾರದಿದ್ದರೆ ಅದಕ್ಕಿಂತ ಹೆಚ್ಚು ಎಚ್ಚರವಾಗಿರಿ. ಇಂದು ರಾತ್ರಿ ಮಲಗುವ ಮೊದಲು ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ದೀಪವನ್ನು ಹತ್ತಿರ ತಂದು ಅವರ ಅಂಗಾಲುಗಳನ್ನೊಮ್ಮೆ ನೋಡಿರಿ.